ಗಣಕಯಂತ್ರದ ಫ್ಯಾನು ಏಕೆ ಕೂಗುತ್ತದೆ?

ಕೀಲೆಣ್ಣೆ ಕಾಣದ ಗಾಲಿ ಕಿರುಗುಟ್ಟತೊಡಗಿದರೆ ಬಂಡಿ ಹೊಡೆಯುವವನು ಕಿವಿ ಮುಚ್ಚಿಕೊಳ್ಳುವುದಿಲ್ಲ. ಇಳಿದು ಅಚ್ಚನ್ನು ನೋಡುತ್ತಾನೆ. ಮನೆಯ ಗಣಕಯಂತ್ರ, ಎಂದರೆ ಕಂಪ್ಯೂಟರ್, ಕೂಗತೊಡಗಿದಾಗ ನಾವು ಮಾಡಬೇಕಾದುದೂ ಇದನ್ನೇ. ಆದರೆ ಕೆಲವರು ಶಬ್ದವನ್ನು ಸಹಿಸಿಕೊಂಡು ಸುಮ್ಮನಿರುತ್ತಾರೆ. ಇನ್ನು ಕೆಲವರು ಫ್ಯಾನಿನ ತಂತಿಯನ್ನೇ ಕಳಚಿಹಾಕುವ ಸಾಹಸಕ್ಕೆ ಇಳಿಯುತ್ತಾರೆ. ಈ ಎರಡನೆಯ ಸಾಹಸ ಎಷ್ಟು ಅಪಾಯಕರವೆಂಬುದನ್ನು ಮೊದಲು ವಿಚಾರಿಸೋಣ.

ಗಣಕಯಂತ್ರದ ಲೆಕ್ಕಾಚಾರವನ್ನೆಲ್ಲ ನಡೆಸುವುದು ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆ. ಅದು ಸೇವಿಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ೬೫ ವಾಟ್ ದರ್ಜೆಯ ಬಿಲ್ಲೆಗಳು ಸಾಮಾನ್ಯ. ಹಳೆಯ ಕಾಲದ ೬೦ ವಾಟ್ ಬಲ್ಬನ್ನು ಮುಟ್ಟಿ ಬೆರಳು ಸುಟ್ಟುಕೊಂಡವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಅಷ್ಟು ಶಾಖ ಇಲ್ಲಿ ಉಗುರಿನಗಲದ ಬಿಲ್ಲೆಯೊಂದರಲ್ಲಿ ಹುಟ್ಟುತ್ತದೆ. ಬಿಲ್ಲೆಯ ಮೇಲೆ ಕೂರಿಸಿರುವ ಅಲ್ಯೂಮಿನಿಯಂ ಇಲ್ಲವೆ ತಾಮ್ರದ ತೆಳುತಗಡುಗಳು ಆ ಶಾಖವನ್ನು ಹೀರಿ, ಫ್ಯಾನು ಬೀಸುವ ಗಾಳಿಗೆ ಒಪ್ಪಿಸುತ್ತವೆ. ಫ್ಯಾನು ನಿಂತಿತೆಂದರೆ ಉಷ್ಣತೆ ಏರುತ್ತದೆ. ಅದು ೧೦೦ ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಬಂದಾಗ ಬಿಲ್ಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಯಂತ್ರವು ಥಟ್ಟನೆ ನಿಲ್ಲುತ್ತದೆ. ಆದುದರಿಂದ ಫ್ಯಾನಿನ ಬಾಯಿ ಮುಚ್ಚಿಸುವುದಕ್ಕೆ ಮೊದಲು ಅದು ಹೇಳುವುದೇನೆಂದು ಕೇಳಬೇಕು. ಅದರ ಕೂಗಿನಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಭೋರ್ಗರೆತ. ಇದು ಗಾಳಿಯ ಶಬ್ದ. ಇದರ ಮೂಲ ಸಾಮಾನ್ಯವಾಗಿ ಧೂಳು. ತಗಡುಗಳ ನಡುವೆ ಕುಳಿತ ಧೂಳು ಗಾಳಿಯ ಹಾದಿಯನ್ನು ಕಟ್ಟುತ್ತದೆ. ಅಲ್ಲದೆ, ಕಂಬಳಿಯಂತೆ ತನ್ನೊಳಗೆ ಗಾಳಿಯನ್ನು ಹಿಡಿದಿಡುತ್ತದೆ. ಅಲುಗದ ಗಾಳಿಯಾದರೋ ಅಲ್ಯೂಮಿನಿಯಮ್ಮಿಗಿಂತ ಸಾವಿರಾರು ಪಟ್ಟು ಕಡಿಮೆ ಶಾಖವಾಹಕ. ಬಿಲ್ಲೆ ಕಾಯುತ್ತದೆ, ಫ್ಯಾನಿಗೆ ಹೆಚ್ಚು ವೇಗದ ಆಜ್ಞೆ ಹೋಗುತ್ತದೆ. ಏಳು ರೆಕ್ಕೆಗಳ ಫ್ಯಾನು ನಿಮಿಷಕ್ಕೆ ೧೨೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೨೦ ಸುತ್ತಾಯಿತು. ರೆಕ್ಕೆಗಳು ಗಾಳಿಗೆ ಸೆಕೆಂಡಿಗೆ ೧೪೦ ಬಡಿತ ಕೊಟ್ಟಂತಾಯಿತು. ವೇಗ ೨೪೦೦ಕ್ಕೆ ಏರಿದರೆ ಬಡಿತ ೨೮೦ ಆಗುತ್ತದೆ. ಸಂಗೀತ ಬಲ್ಲವರ ಮಾತಿನಲ್ಲಿ ಷಡ್ಜವು ತಾರಸ್ಥಾಯಿಗೆ ಏರಿತು. ಬೀಸುವ ಗಾಳಿ ಹೆಚ್ಚುವುದು ಇಮ್ಮಡಿ ಮಾತ್ರ; ಶಬ್ದಶಕ್ತಿಯಾದರೋ ವೇಗದ ಐದನೆಯ ಘಾತಕ್ಕೆ ಅನುಗುಣವಾಗಿ ಸುಮಾರು ೩೨ ಮಡಿ, ಎಂದರೆ ೧೫ ಡೆಸಿಬೆಲ್, ಹೆಚ್ಚುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಸಣ್ಣ ಫ್ಯಾನಿನಷ್ಟೇ ಗಾಳಿಯನ್ನು ಸದ್ದಿಲ್ಲದೆ ಕೊಡುವ ಗುಟ್ಟು ಇದೇ.

ಕಳೆದ ಬೇಸಗೆಯಲ್ಲಿ ನೆರೆಮನೆಯ ವಿದ್ಯಾರ್ಥಿನಿಯೊಬ್ಬಳ ಯಂತ್ರ ಹೀಗೆಯೇ ಭೋರ್ಗರೆಯುತ್ತಿತ್ತು. ಪರೀಕ್ಷೆಗೆ ಹದಿನೈದೇ ದಿನ. ಯಂತ್ರಕ್ಕೆ ಮುಪ್ಪು ಬಂದಿದೆ, ಹೊಸದನ್ನೇ ಕೊಳ್ಳಿರಿ ಎಂದು ದುರಸ್ತಿಗಾರರೊಬ್ಬರು ಹೇಳಿದ್ದರಂತೆ. ಆಕೆಯ ತಂದೆ ಸಾಲಕ್ಕೆ ಯೋಚಿಸುತ್ತಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ತಗಡುಗಳೇ ಕಾಣದಷ್ಟು ಧೂಳು. ಆ ಹುಡುಗಿಯೇ ಮೆದುವಾದ ಕುಂಚದಿಂದ ಅರ್ಧ ಗಂಟೆಯಲ್ಲಿ ಅದನ್ನೆಲ್ಲ ತೆಗೆದಳು. ಯಂತ್ರ ಮೊದಲಿನ ಮೆಲುದನಿಗೆ ಮರಳಿತು. ಸಾಲದ ಮಾತು ಅಲ್ಲಿಗೇ ನಿಂತಿತು.

ಎರಡನೆಯದು ಗರಗರ ಅಥವಾ ಕಿರುಗುಟ್ಟುವ ಶಬ್ದ. ಇದು ಅಚ್ಚಿನ ದೂರು. ಅಗ್ಗದ ಫ್ಯಾನುಗಳಲ್ಲಿ ಅಚ್ಚು ಎಣ್ಣೆಯ ತೆಳುಪದರದ ಮೇಲೆ ತಿರುಗುತ್ತದೆ. ಎಣ್ಣೆ ಒಣಗಿದಾಗ ಲೋಹಕ್ಕೆ ಲೋಹ ಉಜ್ಜುತ್ತದೆ. ಬೆಳಗಿನ ಚಳಿಯಲ್ಲಿ ಕೂಗಿ, ಕೆಲವು ನಿಮಿಷಗಳಲ್ಲಿ ಬೆಚ್ಚಗಾದ ಮೇಲೆ ಸುಮ್ಮನಾಗುವ ಫ್ಯಾನಿನಲ್ಲಿ ಅಳಿದುಳಿದ ಎಣ್ಣೆ ಗಟ್ಟಿಯಾಗಿದೆಯೆಂದು ಊಹಿಸಬಹುದು. ಫ್ಯಾನನ್ನು ಹೊರತೆಗೆದು, ನಡುವಿನ ಕಾಗದದ ಚೀಟಿಯನ್ನು ಮೆಲ್ಲನೆ ಎಬ್ಬಿಸಿದರೆ ಹಲವು ಫ್ಯಾನುಗಳಲ್ಲಿ ಅಚ್ಚು ಕಾಣುತ್ತದೆ. ಅಲ್ಲಿಗೆ ಹೊಲಿಗೆಯಂತ್ರದ ಎಣ್ಣೆ ಎರಡು ಹನಿ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು ಸುಮಾರು ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ಚಳಿಗಾಲದಲ್ಲಿ ಶೀಸೆಯನ್ನು ಬಿಸಿಲಿಗಿಡುವ ಪ್ರತಿ ಮನೆಯವರಿಗೂ ಗೊತ್ತು. ಗುಂಡುಗಳ ಮೇಲೆ ತಿರುಗುವ ಅಚ್ಚು ಸವೆದಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಅದೇ ಅಳತೆಯ, ಅದೇ ಬಗೆಯ ಪಿನ್ನುಗಳುಳ್ಳ ಹೊಸ ಫ್ಯಾನನ್ನು ಹಾಕಬೇಕು. ಕಳಚುವ ಮುನ್ನ ಹಳೆಯದು ಗಾಳಿಯನ್ನು ಯಾವ ದಿಕ್ಕಿಗೆ ಬೀಸುತ್ತಿತ್ತೆಂಬುದನ್ನು ಗುರುತಿಟ್ಟುಕೊಳ್ಳಿರಿ.

ಮೂರನೆಯದು ಗುಂಯ್ ಎಂಬ ಝೇಂಕಾರ. ಬೀದಿಯಲ್ಲಿ ಲಾರಿ ಹಾದುಹೋದಾಗ ಗೂಡಿನಲ್ಲಿಟ್ಟ ಪಾತ್ರೆಗಳು ಝಣಗುಟ್ಟುವುದನ್ನು ಕೇಳಿದ್ದೀರಿ. ಪ್ರತಿಯೊಂದು ವಸ್ತುವಿಗೂ ಸಹಜವಾದ ಕಂಪನಸಂಖ್ಯೆ ಉಂಟು. ಹೊರಗಿನ ಕಂಪನ ಅದಕ್ಕೆ ಸರಿಹೊಂದಿದೊಡನೆ ವಸ್ತು ತಾನೂ ದನಿಗೂಡುತ್ತದೆ. ಇದೇ ಅನುರಣನೆ. ಗಣಕಯಂತ್ರದ ತಗಡಿನ ಪೆಟ್ಟಿಗೆಯೂ ಫ್ಯಾನಿನೊಡನೆ ಹೀಗೆ ದನಿಗೂಡುವುದುಂಟು. ಪೆಟ್ಟಿಗೆಯ ಪಕ್ಕವನ್ನು ಅಂಗೈಯಿಂದ ಒತ್ತಿರಿ. ಶಬ್ದ ಅಡಗಿದರೆ ದೋಷ ಫ್ಯಾನಿನದಲ್ಲ. ಸಡಿಲವಾದ ತಿರುಪುಗಳನ್ನು ಬಿಗಿಮಾಡಿ, ಫ್ಯಾನಿನ ಮೂಲೆಗಳಿಗೆ ರಬ್ಬರಿನ ಮೆತ್ತೆ ಕೊಟ್ಟರೆ ಆಯಿತು.

ಬಿಚ್ಚುವ ಮುನ್ನ ಕೆಲವು ಎಚ್ಚರಿಕೆಗಳು ಅವಶ್ಯ. ಗುಂಡಿ ಒತ್ತಿ ಆರಿಸಿದರೆ ಸಾಲದು. ಗೋಡೆಯ ಪ್ಲಗ್ಗನ್ನೇ ಕೀಳಿರಿ. ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ಗಾಳಿಯೂದಿ ಧೂಳು ತೆಗೆಯುವಾಗ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಿ. ಇಲ್ಲವಾದರೆ ಅವು ಮಿತಿಮೀರಿ ತಿರುಗಿ ಅಚ್ಚು ಕೆಡಬಹುದು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನಂತೂ ತೆರೆಯಲೇಬೇಡಿರಿ. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಕೆಲಕಾಲ ೩೦೦ ವೋಲ್ಟಿಗೆ ಮೀರಿದ ಒತ್ತಡವನ್ನು ಹಿಡಿದಿಟ್ಟುಕೊಂಡಿರಬಲ್ಲವು. ಕೂಗು ಅಲ್ಲಿಂದ ಬರುತ್ತಿದ್ದರೆ ಅದು ತಜ್ಞರ ಕೆಲಸ.

ಇನ್ನೊಂದು ಮಾತು. ಗಾಳಿಯನ್ನು ಸರಿಸುವ ಯಾವ ಯಂತ್ರವೂ ಪೂರ್ತಿ ಮೌನವಾಗಿರಲಾರದು. ನಿಮ್ಮ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಒಮ್ಮೆ ಅದರ ದನಿಯನ್ನು ಗಮನವಿಟ್ಟು ಕೇಳಿರಿ. ಆ ದನಿಯ ಪರಿಚಯವಿದ್ದರೆ, ಅದು ಬದಲಾದ ದಿನವೇ ನಿಮಗೆ ತಿಳಿಯುತ್ತದೆ. ಅಂದು ಒಂದು ಕುಂಚವೋ ಎರಡು ಹನಿ ಎಣ್ಣೆಯೋ ಸಾಕಾಗುತ್ತದೆ.