256ರಲ್ಲೊಂದು ಏಟು

ಚಳ್ಳಕೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಒಡೆದ ಫೋನು, ಚಾರ್ಜಿಂಗ್ ಪಿನ್ ಸಡಿಲಾದ ಫೋನು, ಎಣ್ಣೆ ಮಿಲ್ಲಿನ ಶೇಂಗಾ ಧೂಳು ಹೊಕ್ಕು ಸ್ಪೀಕರ್ ಕಟ್ಟಿದ ಫೋನು, ಎಲ್ಲವೂ ಬರುತ್ತವೆ. ವರ್ಷಗಟ್ಟಲೆ ಇದನ್ನೇ ಮಾಡಿ ಒಂದು ವಿದ್ಯೆ ಕೈಗೆ ಹತ್ತಿದೆ. ಗಾಜಿನ ಮೇಲಿನ ಸವಕಳಿ ನೋಡಿ ಆ ಹುಡುಗ ಯಾವ ಆಟ ಆಡುತ್ತಾನೆಂದು ಹೇಳಬಲ್ಲೆ. ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಮಬ್ಬು ಇದ್ದರೆ ಫ್ರೀ ಫೈರ್ ಮ್ಯಾಕ್ಸ್ ಇಲ್ಲವೇ ಬಿಜಿಎಂಐ. ನಟ್ಟನಡುವೆ, ಕೆಳಗಿನಿಂದ ಮೇಲಕ್ಕೆ, ಒಂದೇ ದಾರಿಯಲ್ಲಿ ಗೀಚಿದಂತೆ ಸವೆದಿದ್ದರೆ ಪೊಕೆಮಾನ್ ಗೋ. ಈ ಎರಡನೇ ಜಾತಿಯ ಗಿರಾಕಿಗಳು ನಮ್ಮ ಕಡೆ ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಮೊಳಕಾಲ್ಮೂರಿನಲ್ಲಿರುವ ನನ್ನ ಅಕ್ಕನ ಮಗ.

ಹೋದ ದಸರಾ ರಜೆಯಲ್ಲಿ ಬಂದವನೇ ಫೋನನ್ನು ಕೌಂಟರಿನ ಮೇಲಿಟ್ಟ.

"ಮಾಮ, ಟಚ್ ಸತ್ತೋಗೈತೆ."

"ಏನ್ ಮಾಡ್ತಿದ್ದೆ?"

"ಮೀನು ಹಿಡೀತಿದ್ದೆ."

ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿ ಮಾಡಿದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಅದರಲ್ಲಿರುತ್ತವೆ. ಇಲ್ಲಿ ಮೀನು ಹಿಡಿಯುತ್ತೇನೆಂದು ಹೊರಟವನ ಕಥೆಯನ್ನು ಹೇಳಲೇಬೇಕು. ಆದರೆ ಅದಕ್ಕೆ ಮೊದಲು ನನ್ನ ಕಥೆ.

ನಾನು ಪೊಕೆಮಾನ್ ಆಡಿದ್ದು ಇಪ್ಪತ್ತು ವರ್ಷದ ಹಿಂದೆ, ಒಂದು ಕಂಪ್ಯೂಟರ್ ಸೆಂಟರಿನ ಮೂಲೆಯಲ್ಲಿ. ಜಪಾನಿನ ಪುಟ್ಟ ಯಂತ್ರಕ್ಕೆಂದು ಮಾಡಿದ ಆಟವನ್ನು ಯಾರೋ ಕಂಪ್ಯೂಟರಿಗೆ ಇಳಿಸಿದ್ದರು. ಮೂಲ ಆಟ ಜಪಾನಿನಲ್ಲಿ ಬಂದದ್ದು 1996ರ ಫೆಬ್ರುವರಿಯಲ್ಲಿ. ಅದನ್ನು ಕಲ್ಪಿಸಿದ ಸತೋಶಿ ತಜಿರಿ ಟೋಕಿಯೊ ಹೊರವಲಯದ ಮಚಿದಾ ಎಂಬ ಊರಲ್ಲಿ ಹುಳ ಹಿಡಿಯುತ್ತಾ ಬೆಳೆದವನು. ಅವನು ದೊಡ್ಡವನಾಗುವಷ್ಟರಲ್ಲಿ ಕೆರೆ ಗದ್ದೆಗಳೆಲ್ಲ ಮುಚ್ಚಿ ಕಟ್ಟಡಗಳೆದ್ದವು. ಹುಳ ಹಿಡಿಯುವ ಆ ಸುಖವನ್ನೇ ಅವನು ಆಟ ಮಾಡಿದ. 151 ವಿಚಿತ್ರ ಪ್ರಾಣಿಗಳು. ಹಿಡಿ, ಸಾಕು, ಇನ್ನೊಬ್ಬರ ಪ್ರಾಣಿಯ ಜೊತೆ ಕಾದಾಡಿಸು. ನಮ್ಮ ಕಡೆಯ ಟಗರು ಕಾಳಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟಗರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಟಗರು ನುಗ್ಗುತ್ತದೆ. ಇಲ್ಲಿ ಒಬ್ಬರಾದ ಮೇಲೆ ಒಬ್ಬರು, ಚೌಕಾಬಾರದ ಹಾಗೆ ಸರದಿ. ನಿನ್ನ ಪ್ರಾಣಿಗೆ ಹೆಚ್ಚೆಂದರೆ ನಾಲ್ಕು ಪಟ್ಟು ಗೊತ್ತು, ಒಂದನ್ನು ಆರಿಸು, ಪರದೆಯ ಮೇಲೆ ಒಂದು ಸಾಲು ಅಕ್ಷರ ನಿಧಾನಕ್ಕೆ ಮೂಡುತ್ತದೆ, ಎದುರಾಳಿಯ ಜೀವದ ಪಟ್ಟಿ ಒಂದಿಷ್ಟು ಇಳಿಯುತ್ತದೆ, ಈಗ ಅವನ ಸರದಿ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಗಿಡವನ್ನು, ಗಿಡ ನೀರನ್ನು. ಮೊದಲ ಹತ್ತು ಕಾಳಗ ಮಜವಾಗಿರುತ್ತವೆ. ಹನ್ನೊಂದನೆಯದರಲ್ಲಿ ಆಕಳಿಕೆ ಶುರು.

ಯಾಕೆಂದರೆ ಮುಂದಿನ ಊರಿನ ದೊಡ್ಡ ಪೈಲ್ವಾನನ ಎದುರು ನಿಲ್ಲಬೇಕಾದರೆ ನಿನ್ನ ಪ್ರಾಣಿಯ ಮಟ್ಟ ಏರಬೇಕು. ಮಟ್ಟ ಏರಲು ಅನುಭವದ ಅಂಕ ಬೇಕು. ಅಂಕ ಬೇಕಾದರೆ ಹುಲ್ಲಿನಲ್ಲಿ ಅಡ್ಡಾಡಿ, ಸಿಕ್ಕ ಸಿಕ್ಕ ಬಡಪಾಯಿ ಹಕ್ಕಿಗಳನ್ನು ಬಡಿಯಬೇಕು. ಲೆಕ್ಕ ನೋಡಿ. ಪಿಕಾಚು ಎಂಬ ಹಳದಿ ಇಲಿಗೆ ಯಾವುದೇ ಮಟ್ಟಕ್ಕೆ ಬೇಕಾದ ಒಟ್ಟು ಅಂಕ ಆ ಸಂಖ್ಯೆಯ ಘನ: 20ಕ್ಕೆ 8,000, 21ಕ್ಕೆ 9,261. ನಡುವೆ 1,261 ಅಂಕ. ಆಟದ ಮೊದಲ ದಾರಿಯಲ್ಲಿ ಸಿಗುವ ಪಿಜಿ ಎಂಬ ಮೂರನೇ ಮಟ್ಟದ ಹಕ್ಕಿಯನ್ನು ಸೋಲಿಸಿದರೆ ಸಿಗುವುದು 23. ಅಂದರೆ ಒಂದು ಮೆಟ್ಟಿಲಿಗೆ 55 ಹಕ್ಕಿ. ಐವತ್ತನೇ ಮಟ್ಟಕ್ಕೆ ಬಂದಾಗ ಅರ್ಧ ದಾರಿ ಸವೆಯಿತೆಂದು ಹಿಗ್ಗುತ್ತೀರಿ. ನೂರನೇ ಮಟ್ಟಕ್ಕೆ ಹತ್ತು ಲಕ್ಷ, ಐವತ್ತಕ್ಕೆ ಒಂದೂಕಾಲು ಲಕ್ಷ. ನಿಜದಲ್ಲಿ ಮುಗಿದದ್ದು ಎಂಟರಲ್ಲೊಂದು ಪಾಲು. ಬಡ್ಡಿ ಲೇವಾದೇವಿಯವರೂ ಇಷ್ಟು ನಾಜೂಕಾಗಿ ಲೆಕ್ಕ ಬರೆಯುವುದಿಲ್ಲ.

ಆಡುವವರು ಇದಕ್ಕೆ ಗ್ರೈಂಡ್ ಎನ್ನುತ್ತಾರೆ. ಅರೆಯುವುದು. ನಮ್ಮಮ್ಮ ಒರಳಲ್ಲಿ ಅರೆದರೆ ಕೊನೆಗೆ ಚಟ್ನಿಯಾದರೂ ಆಗುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕೆಲವು ಪಟ್ಟುಗಳ ಗುರಿ ನೂರಕ್ಕೆ ನೂರು ಎಂದು ಲೆಕ್ಕ. ಎದುರಾಳಿಗೆ ಒಂದೇ ಒಂದು ಗುಟುಕು ಜೀವ ಉಳಿದಿದೆ, ಒತ್ತುತ್ತೀರಿ, ಏಟು ತಪ್ಪಿತು ಎಂದು ಬರುತ್ತದೆ! ಮೊದಲ ಸಲ ಹೀಗಾದಾಗ ನಾನು ಕೀಬೋರ್ಡ್ ಕುಟ್ಟಿ ಸೆಂಟರಿನವರಿಂದ ಬೈಸಿಕೊಂಡೆ. ಕಾರಣ ಗೊತ್ತಾದದ್ದು ರಿಪೇರಿ ಕಲಿತ ಎಷ್ಟೋ ವರ್ಷದ ಮೇಲೆ. ಆಟ ಪ್ರತಿ ಏಟಿಗೂ 0ಯಿಂದ 255ರವರೆಗೆ ಒಂದು ಅಂಕಿ ಎತ್ತುತ್ತದೆ. ಒಟ್ಟು 256 ಅಂಕಿ. ನೂರಕ್ಕೆ ನೂರು ಎಂಬುದನ್ನು ಅದು 255 ಎಂದು ಬರೆದುಕೊಂಡಿದೆ. ಎತ್ತಿದ ಅಂಕಿ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಏಟು ಬೀಳುತ್ತದೆ. 255 ಬಂದರೆ? 255ಕ್ಕಿಂತ 255 ಕಡಿಮೆ ಅಲ್ಲವಲ್ಲ. ತಪ್ಪಿತು. ಕಡಿಮೆ ಅಥವಾ ಸಮ ಎಂದು ಬರೆಯಬೇಕಾದ ಕಡೆ ಬರೀ ಕಡಿಮೆ ಎಂದು ಬರೆದು, 256ರಲ್ಲೊಂದು ಏಟು ಗಾಳಿಗೆ ಹೋಗುವ ಹಾಗಾಯಿತು. ಜಗತ್ತಿನಾದ್ಯಂತ ಎಷ್ಟು ಮಕ್ಕಳು ತಮ್ಮ ಹಣೆಬರಹವನ್ನು ಬೈದುಕೊಂಡರೋ!

256 ಎಂಬ ಅಂಕಿ ನಮ್ಮ ಸೀಮೆಗೆ ಹೊಸದಲ್ಲ. ಸಿದ್ದಾಪುರದ ಬಳಿ ಬ್ರಹ್ಮಗಿರಿಯ ಬುಡದಲ್ಲಿ ಅಕ್ಷರ ಗುಂಡು ಎಂದು ಕರೆಯುವ ಬಂಡೆಯಿದೆ. ಅದರ ಮೇಲೆ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆ ಮಾತಿನಲ್ಲಿ 256 ಎಂಬ ಅಂಕಿ ಬರುತ್ತದೆ. ಬುದ್ಧ ತೀರಿಕೊಂಡು ಕಳೆದ ವರ್ಷಗಳು ಅವು ಎಂದು ಹಿಂದೆ ಕೆಲವರು ಓದಿದ್ದರು. ಸಂಚಾರದಲ್ಲಿ ಕಳೆದ ರಾತ್ರಿಗಳು ಎಂಬುದು ಆಮೇಲೆ ಹೆಚ್ಚು ಜನ ಒಪ್ಪಿದ ಓದು. ಇನ್ನೂರ ಐವತ್ತಾರು ರಾತ್ರಿ ಊರೂರು ಅಲೆದದ್ದು! ಅರೆಯುವುದೆಂದರೆ ಅದು.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಸ್ವರ್ಗ ದೊಡ್ಡವರಿಗೆ ಮಾತ್ರವಲ್ಲ, ಬಿಡದೆ ಯತ್ನಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂಬರ್ಥದ್ದು. ಅರೆಯುವ ಆಟಗಳ ಪರವಾಗಿ ಹೇಳಬಹುದಾದ ಒಂದೇ ಒಂದು ಒಳ್ಳೆಯ ಮಾತೂ ಇದೇ. 1986ರಲ್ಲಿ ಜಪಾನಿನ ಯೂಜಿ ಹೋರಿ ಡ್ರ್ಯಾಗನ್ ಕ್ವೆಸ್ಟ್ ಎಂಬ ಆಟ ಮಾಡಿದಾಗ, ಕೈಚಳಕವಿಲ್ಲದವನೂ ತಾಳ್ಮೆಯಿಂದ ಮಟ್ಟ ಏರಿಸಿಕೊಂಡು ಕೊನೆ ಮುಟ್ಟಬಹುದಾದ ದಾರಿ ಇಟ್ಟ. ಬೆರಳು ಚುರುಕಿಲ್ಲದವರಿಗೆ ಅದು ಉಪಕಾರವೇ. ಪೊಕೆಮಾನ್ ನಡೆದದ್ದು ಆ ದಾರಿಯಲ್ಲಿ. ಹೀಗಾಗಿ ಅರೆಯುವುದನ್ನು ಪೂರಾ ಬೈಯಲು ನನಗೆ ಬಾಯಿ ಬರುವುದಿಲ್ಲ.

ಮತ್ತೆ ಮತ್ತೆ ಒಂದೇ ಕೆಲಸ ಮಾಡುವುದರ ಬಗ್ಗೆ ನಾನು ಅಸಡ್ಡೆಯಿಂದ ಮಾತಾಡುವ ಹಾಗೂ ಇಲ್ಲ. ನಮ್ಮಪ್ಪ ಮೊಳಕಾಲ್ಮೂರಿನ ರೇಷ್ಮೆ ನೇಕಾರ. ಕುಣಿ ಮಗ್ಗ. ಅಂಚಿಗೆ ಬೇರೆ ಬಣ್ಣ, ಒಡಲಿಗೆ ಬೇರೆ ಬಣ್ಣ ಬರಬೇಕಾದರೆ ಮೂರು ಲಾಳಿ ಓಡಿಸಬೇಕು. ಒಂದು ಕಡೆಯ ಲಾಳಿ ತಳ್ಳಲು ಪಕ್ಕದಲ್ಲೊಬ್ಬ ಬೇಕು. ಸ್ಕೂಲ್ ಬಿಟ್ಟ ಮೇಲೆ ಆ ಒಬ್ಬ ನಾನೇ. ತಳ್ಳು, ಹಿಡಿ, ತಳ್ಳು, ಹಿಡಿ. ಬೇಜಾರು ಎಂದರೆ ಏನೆಂದು ನನಗೆ ಯಾವ ವಿಡಿಯೊ ಗೇಮೂ ಹೊಸದಾಗಿ ಕಲಿಸಿಲ್ಲ. ಅಪ್ಪನಿಗೂ ಬೇಜಾರಾಗುತ್ತಿತ್ತು, ಅದಕ್ಕೇ ರೇಡಿಯೊ ಹಾಡುತ್ತಲೇ ಇರುತ್ತಿತ್ತು. ಆದರೆ ಎಳೆ ತುಂಡಾದರೆ ಅಪ್ಪ ಬೆರಳಾಡಿಸಿ ತುಂಡಾದ ಜಾಗ ಹಿಡಿಯುತ್ತಿದ್ದ. ಯಾಕೆ ತುಂಡಾಯಿತೆಂದು ಹೇಳುತ್ತಿದ್ದ: ಹುರಿ ಸರಿಯಿಲ್ಲ, ಬಿಗಿ ಜಾಸ್ತಿಯಾಯಿತು, ನೀನು ಲಾಳಿ ಒರಟಾಗಿ ತಳ್ಳಿದೆ. ಮೂರು ತಿಂಗಳಾಗುವಷ್ಟರಲ್ಲಿ ನನ್ನ ಕೈಗೆ ಆ ಒರಟುತನ ಎಷ್ಟೆಂದು ತಾನಾಗಿ ತಿಳಿಯಿತು.

55 ಹಕ್ಕಿ ಹೊಡೆದ ಮೇಲೆ ನನ್ನ ಬೆರಳಿಗೆ ಏನೂ ತಿಳಿದಿರಲಿಲ್ಲ. ಮೊದಲ ಹಕ್ಕಿಗೆ ಒತ್ತಿದ ಬಟನ್ನೇ ಐವತ್ತೈದನೆಯದಕ್ಕೂ. ಹಕ್ಕಿಯೂ ಏನೂ ಕಲಿತಿರಲಿಲ್ಲ. ಬದಲಾದದ್ದು ಇಲಿಯ ಪಕ್ಕದಲ್ಲಿದ್ದ ಒಂದು ಅಂಕಿ. ಏಟು ತಪ್ಪಿದರೆ ಕಾರಣ ಹುಡುಕಲು ಬೆರಳಾಡಿಸುವ ಜಾಗವೇ ಇಲ್ಲ. ನನ್ನ ಜಗಳ ಅರೆಯುವುದರ ಜೊತೆಗಲ್ಲ, ಅರೆಯುತ್ತಲೇ ಇದ್ದರೂ ಕೈ ಹಳೇ ಕೈಯಾಗಿಯೇ ಉಳಿಯುತ್ತದಲ್ಲ, ಅದರ ಜೊತೆಗೆ.

ಕಾಳಗವನ್ನು ಉದ್ದ ಎಳೆಯುವುದು ಹೇಗೆಂದು ಬಯಲಾಟದವರಿಂದ ಕಲಿಯಬೇಕು. ನಮ್ಮ ಸೀಮೆಯ ದೊಡ್ಡಾಟದಲ್ಲಿ ರಕ್ಕಸ ಪಾತ್ರ ರಂಗಕ್ಕೆ ಬಂದು, ಸಾರಥಿ ಯಾರು ಏನೆಂದು ಕೇಳಿ, ಅವನು ತನ್ನ ಪ್ರತಾಪ ಹೇಳಿಕೊಂಡು, ಹಲಗೆ ಮುರಿಯುವ ಹಾಗೆ ಕುಣಿದು, ಎದುರಿನವನು ಅದಕ್ಕೆ ಜವಾಬು ಕೊಟ್ಟು, ಹೊಡೆದಾಟಕ್ಕೆ ಬರುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಹೊಡೆದಾಟ ಮಾತ್ರ ಚೂರೇ. ಒಬ್ಬ ರಕ್ಕಸ ಸಾಯಲು ಒಂದು ರಾತ್ರಿ ಬೇಕು. ಅವನು ಸತ್ತರೆ ಸತ್ತ, ಮರುಕ್ಷಣ ಪಕ್ಕದ ಹುಲ್ಲಿನಿಂದ ಅವನಂಥದೇ ಇನ್ನೊಬ್ಬ ಎದ್ದು ಬರುವುದಿಲ್ಲ. ಬ್ರಹ್ಮಗಿರಿಯ ಹತ್ತಿರದ ಜಟಿಂಗರಾಮೇಶ್ವರ ಬೆಟ್ಟ ನೋಡಿ. ಸೀತೆಯನ್ನು ಬಿಡಿಸಲು ಜಟಾಯು ರಾವಣನ ಜೊತೆ ಕಾದಾಡಿ ಬಿದ್ದದ್ದು ಇಲ್ಲೇ ಎಂದು ನಮ್ಮ ಜನ ನಂಬುತ್ತಾರೆ. ಒಂದೇ ಕಾಳಗ, ಅದರಲ್ಲೂ ಹಕ್ಕಿ ಸೋತಿತು, ಇವತ್ತಿಗೂ ಆ ಬೆಟ್ಟಕ್ಕೆ ಜನ ಹತ್ತುತ್ತಾರೆ. ನಾನು ಬಡಿದ 55 ಹಕ್ಕಿಗಳಲ್ಲಿ ಒಂದರ ಮುಖವೂ ನೆನಪಿಲ್ಲ. ಆ ಬೆಟ್ಟದ ಮೇಲೂ ಅಶೋಕನ ಶಾಸನವಿದೆ, ಬಳೆಗಾರ ಗುಂಡು ಎಂಬ ಬಂಡೆಯಲ್ಲಿ. ಅಲ್ಲಿ ಅಕ್ಷರಗಳು ಬಹಳ ಸವೆದಿವೆ.

ಈಗ ಮೀನಿನ ವಿಷಯ.

ಪೊಕೆಮಾನ್ ಗೋ 2016ರ ಜುಲೈನಲ್ಲಿ ಹೊರದೇಶಗಳಲ್ಲಿ ಶುರುವಾಗಿ, ಅದೇ ಡಿಸೆಂಬರಿನಲ್ಲಿ ಜಿಯೊ ಜೊತೆಗೂಡಿ ಭಾರತಕ್ಕೆ ಬಂತು. ಇಲ್ಲಿ ಹುಲ್ಲು ಪರದೆಯಲ್ಲಿಲ್ಲ, ನೀವು ನಿಜವಾದ ರಸ್ತೆಯಲ್ಲಿ ನಡೆಯಬೇಕು, ಪ್ರಾಣಿಗಳು ಫೋನಿನ ನಕಾಶೆಯಲ್ಲಿ ಕಾಣುತ್ತವೆ. ಹಿಡಿಯಲು ಚೆಂಡು ಬೇಕು. ಚೆಂಡು ಸಿಗುವುದು ಪೊಕೆಸ್ಟಾಪ್ ಎಂಬ ಜಾಗಗಳಲ್ಲಿ. ಅವುಗಳಲ್ಲಿ ಬಹಳಷ್ಟು ಈ ಆಟ ಮಾಡಿದ ಕಂಪನಿಯ ಹಿಂದಿನೊಂದು ಆಟಕ್ಕೆ ಆಡುಗರೇ ಗುರುತಿಸಿಕೊಟ್ಟವು. ಆಡುಗರು ದಂಡಿಯಾಗಿದ್ದ ನಗರದಲ್ಲಿ ಮೂಲೆಗೊಂದು ಸ್ಟಾಪ್. ಹಳ್ಳಿಯಲ್ಲಿ ಖಾಲಿ ಹಸಿರು. ನಮ್ಮ ನೆಲ ಯಾವತ್ತೂ ಅಷ್ಟು ಹಸಿರಾಗಿ ಕಂಡಿದ್ದಿಲ್ಲ, ಅದೊಂದು ಸಮಾಧಾನ. 2017ರಲ್ಲಿ ರೇಡ್ ಎಂಬ ಗುಂಪು ಕಾಳಗ ಬಂತು. ದೊಡ್ಡ ರಕ್ಕಸನನ್ನು ಉರುಳಿಸಲು ನಾಲ್ಕಾರು ಜನ ಒಟ್ಟಿಗೆ ನಿಂತು ಪರದೆ ಕುಟ್ಟಬೇಕು. ಸರದಿಯೂ ಇಲ್ಲ, ಯೋಚನೆಯೂ ಇಲ್ಲ, ಬರೀ ಕುಟ್ಟುವುದು. ನನ್ನ ಅಂಗಡಿಗೆ ಈ ಆಟದ ಗಾಜು ಬರುವುದು ಇದರಿಂದಲೂ ಹೌದು. ಬೇಜಾರು ಬೇಗ ಮುಗಿಯಬೇಕೆಂದರೆ ದುಡ್ಡು ಕೊಟ್ಟು ಲಕ್ಕಿ ಎಗ್ ಎಂಬ ಮೊಟ್ಟೆ ಕೊಳ್ಳಬಹುದು, ಅರ್ಧ ಗಂಟೆ ಅಂಕ ದುಪ್ಪಟ್ಟು. ಬೇಸರ ಹುಟ್ಟಿಸಿ, ಆಮೇಲೆ ಅದಕ್ಕೆ ಮದ್ದು ಮಾರುವ ವ್ಯಾಪಾರ.

ಹುಡುಗ ಹಿಡಿಯುತ್ತಿದ್ದದ್ದು ಮ್ಯಾಜಿಕಾರ್ಪ್ ಎಂಬ ಕೆಂಪು ಮೀನು. ಅದಕ್ಕೆ ಗೊತ್ತಿರುವುದು ಬಹುಪಾಲು ಚಡಪಡಿಸುವುದೇ. ಹಳೆಯ ಆಟದಲ್ಲೂ ಆ ಪಟ್ಟಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಪಟ್ಟು ಬಿಡದೆ ಸಾಕಿದರೆ ಗ್ಯಾರಡಾಸ್ ಎಂಬ ಭಯಂಕರ ಸರ್ಪವಾಗುತ್ತದೆ. ಜಲಪಾತ ಹತ್ತಿದ ಮೀನು ಡ್ರ್ಯಾಗನ್ ಆಗುವ ಚೀನೀ ಕಥೆಯ ಮರಿ ಅದು. ಹಾಗೆ ಸರ್ಪವಾಗಲು ಆಟದಲ್ಲಿ 400 ಕ್ಯಾಂಡಿ ಬೇಕು. ಒಂದು ಮೀನು ಹಿಡಿದರೆ 3, ಅದನ್ನು ವಾಪಸ್ ಕೊಟ್ಟರೆ 1. ಸುಮಾರು ನೂರು ಮೀನು. ನೀರಿದ್ದ ಕಡೆ ಅವು ಜಾಸ್ತಿ. ಕರಾವಳಿಯ ಹುಡುಗನಿಗೆ ಎರಡು ದಿನದ ಕೆಲಸ. ನಮ್ಮವನು ರಂಗಯ್ಯನದುರ್ಗ ಜಲಾಶಯಕ್ಕೆ ಗೆಳೆಯನ ಬೈಕಿನಲ್ಲಿ ಹೋಗಿ ಬಂದ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರಿನವರೆಲ್ಲ ನೀರು ನೋಡಲು ಹೋದರೆ, ಇವನು ನೀರಿಗೆ ಬೆನ್ನು ಹಾಕಿ ಫೋನು ನೋಡುತ್ತಿದ್ದನಂತೆ. ಅಕ್ಕ ಇವತ್ತಿಗೂ ಅದನ್ನು ಹೇಳಿಕೊಂಡು ಬೈಯುತ್ತಾಳೆ.

ಮೀನನ್ನು ಜೊತೆಗಾರನಾಗಿ ಇಟ್ಟುಕೊಂಡು ನಡೆದರೆ ಕಿಲೋಮೀಟರಿಗೆ ಒಂದು ಕ್ಯಾಂಡಿ ಬರುತ್ತದೆ. ಬರಗಾಲದ ಊರಿಗೆ ಉಳಿದದ್ದು ಅದೊಂದೇ ದಾರಿ.

ಟಚ್ ಸರಿ ಮಾಡಿಕೊಟ್ಟು, ಮುಂದಿನ ಭಾನುವಾರ ಮೊಳಕಾಲ್ಮೂರಿಗೆ ಹೋದಾಗ ಅವನನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿ, ಕಲ್ಲುಕೊಡಲಿಯವರ ಕಾಲ, ಅದರ ಮೇಲೆ ಕಲ್ಗೋರಿಯವರದು, ಅದರ ಮೇಲೆ ಶಾತವಾಹನರದು ಎಂದು ಪದರ ಪದರವಾಗಿ ಬಿಡಿಸಿ ತೋರಿಸಿದ್ದನ್ನು ಹೇಳುತ್ತಾ ನಡೆದೆ. ಹುಡುಗ ಹೂಂ ಎನ್ನುತ್ತಿದ್ದ, ಕಣ್ಣು ಫೋನಿನ ಮೇಲೆ. ಅಕ್ಷರ ಗುಂಡಿನ ಹತ್ತಿರ ನಿಂತು 256ರ ಎರಡು ಕಥೆಗಳನ್ನೂ ಹೇಳಿದೆ. ಆಗ ತಲೆಯೆತ್ತಿದ.

"ಅಷ್ಟು ರಾತ್ರಿ ಅಲೆದು ಅಶೋಕಂಗೆ ಏನ್ ಸಿಕ್ತು ಮಾಮ?"

"ಗೊತ್ತಿಲ್ಲ ಕಣೋ."

"ನಿಂಗೆ ಆ ಏಟು ತಪ್ಪಿದ್ದು ಇನ್ನೂ ನೆನಪೈತಾ?"

ನೆನಪಿದೆ. ಹೊಡೆದ ನೂರಾರು ಏಟುಗಳಲ್ಲಿ ನೆನಪಿರುವುದು ಅದೊಂದೇ ಎಂದು ಅಲ್ಲಿ ನಿಂತಾಗ ಹೊಳೆಯಿತು. ಅವನಿಗೆ ಹೇಳಲಿಲ್ಲ, ಆಟದ ಪರವಾಗಿ ಮಾತಾಡಿದಂತಾಗುತ್ತಿತ್ತು.

ಬಿಸಿಲು ಏರಿತ್ತು. ನೀರಿನ ಬಾಟಲಿ ಖಾಲಿಯಾಗಿತ್ತು. ಬೈಕು ನಿಲ್ಲಿಸಿದ್ದ ಕಡೆ ತಲುಪುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಒಮ್ಮೆ ಗುರ್ ಎಂದಿತು. ತೆಗೆದು ನೋಡಿದ. ಮೀನಿಗೆ ಎರಡು ಕ್ಯಾಂಡಿ ಬಂದಿತ್ತು.

"ಇನ್ನ ಎಷ್ಟು ಬೇಕು?" ಎಂದೆ.

"ನೂರಾ ಅರವತ್ತೊಂದು. ಮಾಮ, ಜಟಿಂಗರಾಮೇಶ್ವರನೂ ಹತ್ತೋಣ್ವಾ?"