‘ಬಾಕಿಯಿಲ್ಲ’ ಎಂಬ ಉತ್ತರವೂ ಉತ್ತರವೇ ಇಲ್ಲದಿರುವುದೂ

ವ್ಯವಹಾರ ನಡೆಯದ ತೆರಿಗೆ ಅವಧಿಗೂ ಜಿಎಸ್‌ಟಿಯ ‘ನಿಲ್’ ರಿಟರ್ನ್ ಸಲ್ಲಿಸಬೇಕೆಂಬುದು ವರ್ತಕ ಬಾಂಧವರಿಗೆ ತಿಳಿದ ವಿಷಯ. ನಿಲ್ ರಿಟರ್ನ್ ‘ವ್ಯವಹಾರವಿಲ್ಲ’ ಎಂಬ ಖಚಿತ ಉತ್ತರ. ರಿಟರ್ನ್ ಸಲ್ಲಿಸದಿದ್ದರೆ ಉತ್ತರವೇ ಇಲ್ಲ, ಕೇಂದ್ರ ಜಿಎಸ್‌ಟಿ ಕಾಯಿದೆಯ 46ನೇ ಕಲಮಿನಡಿ ನೋಟಿಸ್ ಬರುತ್ತದೆ. ಬಿಲ್ಲಿಂಗ್ ತಂತ್ರಾಂಶದೊಳಗೂ ಇಂತಹುದೇ ಭೇದವೊಂದಿದೆ.

ತಂತ್ರಾಂಶವು ಪ್ರತಿ ಪ್ರಶ್ನೆಗೂ ಮುಖ್ಯ ದತ್ತಾಂಶವನ್ನು ಹುಡುಕುವುದಿಲ್ಲ. ಒಮ್ಮೆ ಪಡೆದ ಉತ್ತರವನ್ನು ‘ಕ್ಯಾಶ್’ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿರಿಸುತ್ತದೆ. ಇದು ನಗದು ಅಲ್ಲ. ಲೆಡ್ಜರ್ ತೆರೆಯುವ ಶ್ರಮವನ್ನು ಉಳಿಸುವ ಕೈಚೀಟಿಯಂತಹುದು.

ಗ್ರಾಹಕರೊಬ್ಬರ ಹಳೆಯ ಬಾಕಿಯನ್ನು ಕೇಳಿದಾಗ ಕ್ಯಾಶ್‌ನಲ್ಲಿ ಏನೂ ಕಾಣಲಿಲ್ಲವೆನ್ನೋಣ. ಕಾರಣ ಎರಡಿರಬಹುದು. ಲೆಡ್ಜರನ್ನು ಇನ್ನೂ ನೋಡಿಯೇ ಇಲ್ಲ. ಇದು ‘ಕ್ಯಾಶ್ ಮಿಸ್’. ಅಥವಾ ನೋಡಿ, ಬಾಕಿಯಿಲ್ಲವೆಂದು ಗುರುತಿಟ್ಟುಕೊಂಡಿದೆ. ಇದು ‘ನಲ್’ ಮೌಲ್ಯ.

ಎರಡನ್ನೂ ಒಂದೆಂದು ಬಗೆದರೆ ನಷ್ಟವೂ ಎರಡು ಬಗೆಯದು. ಮಿಸ್ ಅನ್ನು ನಲ್ ಎಂದು ತಿಳಿದರೆ, ಬಾಕಿಯುಳ್ಳವರಿಗೂ ‘ಬಾಕಿಯಿಲ್ಲ’ ಎಂದು ತೋರಿಸಿ ಉದ್ರಿ ಸರಕು ಹೊರಹೋಗುತ್ತದೆ. ನಲ್ ಅನ್ನು ಮಿಸ್ ಎಂದು ತಿಳಿದರೆ, ಬಾಕಿಯಿಲ್ಲದ ಪ್ರತಿ ಗ್ರಾಹಕನಿಗೂ ಪ್ರತಿ ಸಲ ಲೆಡ್ಜರ್ ಹುಡುಕಿ, ಹಬ್ಬದ ದಟ್ಟಣೆಯಲ್ಲಿ ಬಿಲ್ಲಿಂಗ್ ನಿಧಾನವಾಗುತ್ತದೆ.

ಈ ಗೊಂದಲಕ್ಕೆ ಪ್ರೋಗ್ರಾಮಿಂಗ್ ಭಾಷೆಗಳೂ ಎಡೆಗೊಡುತ್ತವೆ. ಜಾವಾ ಭಾಷೆಯ ಹ್ಯಾಶ್‌ಮ್ಯಾಪ್‌ನಲ್ಲಿ ಕೀಲಿ ಇಲ್ಲದಿದ್ದರೂ, ಕೀಲಿಯಿದ್ದು ಮೌಲ್ಯ ನಲ್ ಆಗಿದ್ದರೂ ‘ಗೆಟ್’ ಆದೇಶಕ್ಕೆ ದೊರೆಯುವುದು ನಲ್ ಒಂದೇ. ಕೀಲಿ ಇದೆಯೇ ಎಂಬುದನ್ನು ‘ಕಂಟೇನ್ಸ್‌ಕೀ’ ಮೂಲಕ ಬೇರೆಯಾಗಿಯೇ ಪರೀಕ್ಷಿಸಬೇಕು. ‘ನೋಡಲಾಗಿದೆ, ಇಲ್ಲ’ ಎಂಬ ಅರ್ಥದ ವಿಶೇಷ ಗುರುತನ್ನು ಕ್ಯಾಶ್‌ನಲ್ಲಿರಿಸುವುದು ಇನ್ನೊಂದು ಉಪಾಯ. ಅಂತರ್ಜಾಲದ ಹೆಸರುಗಳನ್ನು ಪತ್ತೆಹಚ್ಚುವ ಡಿಎನ್‌ಎಸ್ ವ್ಯವಸ್ಥೆಯಲ್ಲಿಯೂ ‘ಇಂತಹ ಹೆಸರಿಲ್ಲ’ ಎಂಬ ಉತ್ತರವನ್ನು ನಿಗದಿತ ಅವಧಿಗೆ ಕಾದಿರಿಸಲಾಗುತ್ತದೆ. ಇದರ ನಿಯಮಗಳನ್ನು 1998ರ ಆರ್‌ಎಫ್‌ಸಿ 2308 ವಿಧಿಸಿದೆ.

ಅವಧಿಯ ಮಿತಿ ಅತ್ಯಗತ್ಯ. ಬೆಳಿಗ್ಗೆ ಬರೆದಿಟ್ಟ ‘ಬಾಕಿಯಿಲ್ಲ’ ಎಂಬುದು ಮಧ್ಯಾಹ್ನದ ಉದ್ರಿ ಬಿಲ್ಲಿನ ನಂತರ ಸುಳ್ಳಾಗುತ್ತದೆ. ಆದುದರಿಂದ ತಂತ್ರಾಂಶ ಕೊಳ್ಳುವವರು ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳುವುದು ಸೂಕ್ತ: ‘ಇಲ್ಲ’ ಮತ್ತು ‘ನೋಡಿಲ್ಲ’ ಎಂಬುವನ್ನು ಬೇರೆಬೇರೆಯಾಗಿ ಗುರುತಿಸಲಾಗುತ್ತದೆಯೇ? ‘ಇಲ್ಲ’ ಎಂಬ ಗುರುತು ಎಷ್ಟು ಹೊತ್ತು ಉಳಿಯುತ್ತದೆ? ಹೊಸ ನಮೂದು ಬಂದೊಡನೆ ಅದು ಅಳಿಯುತ್ತದೆಯೇ? ಉತ್ತರಗಳನ್ನು ಖರೀದಿ ಕರಾರಿನಲ್ಲಿ ಲಿಖಿತವಾಗಿ ಪಡೆಯುವುದು ಕ್ಷೇಮ.