ಲ್ಯಾಪ್‌ಟಾಪ್ ಕೊಳ್ಳುವ ಪ್ರಸಂಗ

ಎತ್ತು ಕೊಳ್ಳುವವರು ಮೊದಲು ಅದರ ಹಲ್ಲು ನೋಡುತ್ತಾರೆ. ಆಮೇಲೆ ಸುಳಿ ನೋಡುತ್ತಾರೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಬರಿಯ ಬಣ್ಣಕ್ಕೆ ಮರುಳಾಗಿ ಕೊಂಡವನನ್ನು ಕಂಡು ಊರು ವರ್ಷಗಟ್ಟಲೆ ನಗುತ್ತದೆ. ನಮ್ಮ ಸೀಮೆಯ ರೈತನಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ರೈತನು ಮಗಳ ಓದಿಗಾಗಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ, ಇದರ ಹಲ್ಲು ಯಾವುದು, ಸುಳಿ ಯಾವುದು ಎಂಬುದು ತಿಳಿಯದೆ ಅಂಗಡಿಯವನ ಮುಖವನ್ನೇ ನೋಡುತ್ತ ನಿಲ್ಲಬೇಕಾಗಿಬರುತ್ತದೆ.

ನಾನು ಯಂತ್ರಗಳ ಹುಚ್ಚಿನವನು. ಪೇಟೆಗೆ ಹೊಸದೊಂದು ಗಣಕ ಬಂದಿತೆಂದರೆ, ಅದನ್ನು ಕೊಳ್ಳುವ ಶಕ್ತಿಯಿರಲಿ ಬಿಡಲಿ, ಅದರ ತೂಕ ಎಷ್ಟು, ಪರದೆ ಎಂಥದು, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳದೆ ನನಗೆ ನಿದ್ರೆ ಬಾರದು. ಈ ಕೀರ್ತಿ ಬಳಗಾನೂರಿನಲ್ಲಿ ಹೇಗೋ ಹಬ್ಬಿಬಿಟ್ಟಿದೆ. ಆದಕಾರಣ ಪಿ.ಯು. ಫಲಿತಾಂಶ ಬಂದ ತರುವಾಯ ನನ್ನ ಮನೆಯ ಕಟ್ಟೆಗೆ ಬಿಡುವಿಲ್ಲ. “ಸರ, ಯಾವುದು ಚಲೋ?” ಎಂಬುದೇ ಬಂದವರೆಲ್ಲರ ಪ್ರಶ್ನೆ.

ಹೋದ ವರ್ಷ ಹಾಗೆ ಬಂದವರು ನೆರೆಮನೆಯ ರೈತರು. ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಹುಡುಗಿ. ಬತ್ತ ಮಾರಿದ ಹಣದಲ್ಲಿ ಗೊಬ್ಬರದ ಅಂಗಡಿಯ ಬಾಕಿ ತೀರಿಸಿ, ಐವತ್ತೈದು ಸಾವಿರ ರೂಪಾಯಿಗಳನ್ನು ಬೇರೆ ಕಟ್ಟಿಟ್ಟಿದ್ದರು. ನಾಲ್ಕು ವರ್ಷದ ಓದು ಒಂದೇ ಯಂತ್ರದಲ್ಲಿ ಮುಗಿಯಬೇಕು. ಇನ್ನೊಂದನ್ನು ಕೊಡಿಸುವ ಮಾತು ಆ ಮನೆಯಲ್ಲಿ ಇಲ್ಲ. ಮೊಬೈಲು ಸಾಲದೇ ಎಂದು ಕೇಳುವವರಿದ್ದಾರೆ. ಮೊಬೈಲು ಮುಖ್ಯವಾಗಿ ನೋಡುವ ಯಂತ್ರ. ಲ್ಯಾಪ್‌ಟಾಪು ಮಾಡುವ ಯಂತ್ರ. ಪ್ರೋಗ್ರಾಮು ಬರೆಯಬೇಕಾದವಳಿಗೆ ಎರಡನೆಯದಿಲ್ಲದೆ ಗತ್ಯಂತರವಿಲ್ಲ.

ನಾವು ಮೂವರೂ ಸಿಂಧನೂರಿಗೆ ಹೋದೆವು. ಎರಡು ಮೂರು ಅಂಗಡಿಗಳನ್ನು ಸುತ್ತಿದ ಮೇಲೆ ಕಣದಲ್ಲಿ ನಾಲ್ಕು ಯಂತ್ರಗಳು ಉಳಿದವು. ಒಂದು, ಆಟಗಳಿಗೆಂದು ಮಾಡಿದ್ದು. ಕೀಲಿಮಣೆಯ ಅಡಿಯಲ್ಲಿ ಬಣ್ಣಬಣ್ಣದ ದೀಪ, ತೂಕ ಎರಡೂ ಕಾಲು ಕಿಲೋ, ಬೆಲೆಯೂ ಕೈಗೆ ಮೀರಿದ್ದು. ಎರಡನೆಯದು ಕಾಗದದಷ್ಟು ತೆಳುವೆಂದು ಹೊಗಳಿಸಿಕೊಂಡದ್ದು. ತೂಕ ಒಂದೂ ಕಾಲು ಕಿಲೋ. ಮೂರನೆಯದು ಬೂದುಬಣ್ಣದ ಸಾಧಾರಣ ಯಂತ್ರ. ತೂಕ ಒಂದೂವರೆ ಕಿಲೋಗಿಂತ ಒಂದಿಷ್ಟು ಮೇಲೆ, ಬೆಲೆ ನಾಲ್ವತ್ತಾರು ಸಾವಿರ. ನಾಲ್ಕನೆಯದು ಯಾವುದೋ ದೊಡ್ಡ ಕಚೇರಿಯಲ್ಲಿ ಬಳಸಿ ಬಿಟ್ಟದ್ದು. ಇಪ್ಪತ್ತು ಸಾವಿರಕ್ಕೆ ಸಿಗುವಂಥದು.

ಅಂಗಡಿಯವನು ಪ್ರತಿಯೊಂದರ ಮುಂದೆಯೂ ಒಂದು ಚೀಟಿ ಇಟ್ಟಿದ್ದನು: ಪ್ರೊಸೆಸರು, ಮೆಮರಿ, ಸಂಗ್ರಹ, ಪರದೆ, ಬೆಲೆ. ಈ ಚೀಟಿಯ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಪ್ರೊಸೆಸರಿನ ವಿಷಯವನ್ನೇ ನೋಡಿ. ‘ಐ೫’ ಎಂಬ ಹೆಸರನ್ನು ಇಂಟೆಲ್ ಕಂಪನಿ ೨೦೦೯ರಿಂದ ಹಲವು ತಲೆಮಾರುಗಳಿಗೆ ಇಟ್ಟಿತು. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರಿದ್ದಂತೆ. ಹೆಸರಿನ ಮುಂದಿನ ಅಂಕಿಗಳು ತಲೆಮಾರನ್ನು ಹೇಳುತ್ತವೆ. ಕೊನೆಯಲ್ಲಿ ‘ಯು’ ಎಂಬ ಅಕ್ಷರವಿದ್ದರೆ ಅದು ಕಡಮೆ ವಿದ್ಯುತ್ತಿನಲ್ಲಿ ನಡೆಯುವ ಜಾತಿ, ‘ಎಚ್’ ಇದ್ದರೆ ಬಲವೂ ಹೆಚ್ಚು, ಬಿಸಿಯೂ ಹೆಚ್ಚು. ಹೆಸರಿಗಿಂತ ಬಾಲವನ್ನೇ ಹೆಚ್ಚು ಗಮನಿಸಬೇಕಾದ ಪ್ರಾಣಿ ಇದು.

ಸಂಗ್ರಹದ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ ಗಣಕವು ಸಾಮಾನ್ಯವಾಗಿ ಮೂರು ಬೈಟು ಜಾಗ ಕೊಡುತ್ತದೆ. ‘ಸ್ವಾತಂತ್ರ್ಯ’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ; ಯಂತ್ರಕ್ಕೆ ಹನ್ನೊಂದು ಸಂಕೇತ, ಮೂವತ್ತಮೂರು ಬೈಟು. ಹಾಗಿದ್ದೂ ಎಂಟು ಲಕ್ಷ ಸಂಕೇತಗಳ ದಪ್ಪ ಕಾದಂಬರಿಯೊಂದು ಇಪ್ಪತ್ತನಾಲ್ಕು ಲಕ್ಷ ಬೈಟುಗಳನ್ನು ದಾಟದು. ೫೧೨ ಗಿಗಾಬೈಟಿನ ಪೆಟ್ಟಿಗೆಯಲ್ಲಿ ಅಂಥ ಎರಡು ಲಕ್ಷ ಕಾದಂಬರಿಗಳು ಹಿಡಿಯುತ್ತವೆ. ಅಷ್ಟನ್ನು ಓದಲು ಯಾರಿಗೆ ಆಯುಸ್ಸಿದೆ? ಸಂಗ್ರಹವು ತಿರುಗುವ ತಟ್ಟೆಯದಾಗಿರದೆ, ಚಲಿಸುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಿದ್ದರೆ ಸಾಕು. ನಮ್ಮ ಬಸ್ಸುಗಳ ಕುಲುಕಾಟವನ್ನು ತಡೆಯುವ ಗುಣ ಅದಕ್ಕಿದೆ.

ಇನ್ನು ಚೀಟಿಯಲ್ಲಿ ಇಲ್ಲದ ಸಂಗತಿಗಳಿಗೆ ಬರೋಣ. ಮೊದಲನೆಯದು ಸೆಕೆ. ರಾಯಚೂರು ಜಿಲ್ಲೆಯ ಬೇಸಗೆ ೪೦ ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಮಾತು. ಎಷ್ಟೋ ಲ್ಯಾಪ್‌ಟಾಪುಗಳ ಕೈಪಿಡಿಗಳು ೩೫ ಡಿಗ್ರಿಯೊಳಗೆ ಬಳಸಬೇಕೆಂದು ಹೇಳುತ್ತವೆ. ಅದನ್ನು ಮೀರಿದರೆ ಯಂತ್ರ ಕೂಡಲೇ ಕೆಡದು. ತನ್ನ ಮೈ ಕಾಯಿಸಿಕೊಳ್ಳಬಾರದೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಟಮಟ ಮಧ್ಯಾಹ್ನ, ಪತರಾಸಿನ ಮಾಳಿಗೆಯ ಕೆಳಗೆ, ದುಬಾರಿ ಯಂತ್ರವೂ ಅಗ್ಗದ ಯಂತ್ರವೂ ಒಂದೇ ಹೆಜ್ಜೆಯಲ್ಲಿ ನಡೆದಾವು. ಸೆಕೆಯ ಜೊತೆಗೆ ಬತ್ತದ ಹೊಟ್ಟಿನ ದೂಳು ಬೇರೆ. ತಳದ ಮೊಳೆಗಳನ್ನು ಬಿಚ್ಚಿ ಫ್ಯಾನು ಒರೆಸುವ ಅನುಕೂಲವಿಲ್ಲದ ಯಂತ್ರ ಎರಡು ಬೇಸಗೆಯಲ್ಲಿ ಏದುಸಿರು ಬಿಡತೊಡಗುತ್ತದೆ.

ಎರಡನೆಯದು ಬ್ಯಾಟರಿ. ‘ಹತ್ತು ಗಂಟೆ’ ಎಂಬ ಜಾಹೀರಾತಿಗೆ ಬದಲಾಗಿ ತಳದಲ್ಲಿ ಬರೆದಿರುವ ವ್ಯಾಟ್-ಗಂಟೆಯ ಅಂಕಿಯನ್ನು ಓದಬೇಕು. ೪೨ ವ್ಯಾಟ್-ಗಂಟೆಯ ಬ್ಯಾಟರಿಯು ೭ ವ್ಯಾಟ್ ತಿನ್ನುವ ಕೆಲಸಕ್ಕೆ ಆರು ಗಂಟೆ ಬರುತ್ತದೆ. ೧೪ ವ್ಯಾಟ್ ತಿಂದರೆ ಮೂರೇ ಗಂಟೆ. ಕರೆಂಟು ಹೋಗುವ ಊರಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಈ ಲೆಕ್ಕದ ಮೇಲೆ ನಿಂತಿರುತ್ತದೆ. ಮೂರನೆಯದು ಪರದೆಯ ಬೆಳಕು. ಅಗ್ಗದ ಪರದೆಗಳು ಸಾಮಾನ್ಯವಾಗಿ ೨೫೦ ನಿಟ್ಸ್ ಪ್ರಕಾಶದವು. ಹಗಲು ಪಡಸಾಲೆಯಲ್ಲಿ ಬಾಗಿಲಿಗೆದುರಾಗಿ ಕುಳಿತರೆ ಅಕ್ಷರಕ್ಕಿಂತ ನಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ೩೦೦ ನಿಟ್ಸಿಗೆ ಕಡಮೆಯಿಲ್ಲದ, ಹೊಳಪಿಲ್ಲದ ಪರದೆಯಾದರೆ ಲೇಸು.

ನಾಲ್ಕನೆಯದು ಮೆಮರಿಯ ಬಾಗಿಲು. ತೆಳುವಾದ ಆ ಎರಡನೆಯ ಯಂತ್ರದಲ್ಲಿ ೮ ಗಿಗಾಬೈಟ್ ಮೆಮರಿಯನ್ನು ಫಲಕಕ್ಕೆ ಬೆಸೆದುಬಿಟ್ಟಿದ್ದರು. ಇನ್ನಷ್ಟು ಸೇರಿಸುವ ದಾರಿಯಿಲ್ಲ. ಸಾಧಾರಣವಾದ ಮೂರನೆಯದರಲ್ಲಿ ಒಂದು ಖಾಲಿ ಗೂಡು ಇತ್ತು. ನಾಲ್ಕು ವರ್ಷ ಬಾಳಬೇಕಾದ ಯಂತ್ರದಲ್ಲಿ ಆ ಗೂಡಿನ ಬೆಲೆ ಏನೆಂಬುದನ್ನು ಚೀಟಿ ಹೇಳುವುದಿಲ್ಲ.

ಹಳೆಯ ಯಂತ್ರ ಕೊಳ್ಳುವವರಿಗೂ ಒಂದು ಮಾತು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುಪಾಲು ಯಂತ್ರಗಳು ವಿಂಡೋಸ್ ೧೧ರ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. ನಮ್ಮೆದುರಿಗಿದ್ದ ನಾಲ್ಕನೆಯದು ಆರನೆಯ ತಲೆಮಾರಿನದು. ಲಿನಕ್ಸ್ ಹಾಕಿಕೊಂಡು ನಡೆಸಬಲ್ಲವರಿಗೆ ಅದು ಈಗಲೂ ಒಳ್ಳೆಯ ಯಂತ್ರವೇ. ಹೇಳಿಕೊಡುವವರು ಹತ್ತಿರವಿಲ್ಲದ ಹುಡುಗಿಗೆ ಅಲ್ಲ.

‘ಒಯ್ಯಬಹುದಾದ ಗಣಕ’ ಎಂಬ ಮಾತಿನ ಅರ್ಥವೂ ಕಾಲಕಾಲಕ್ಕೆ ಬದಲಾಗಿದೆ. ೧೯೮೧ರಲ್ಲಿ ಮಾರಾಟಕ್ಕೆ ಬಂದ ಆಸ್ಬರ್ನ್ ೧ ಎಂಬ ಪ್ರಸಿದ್ಧ ಯಂತ್ರದ ತೂಕ ಸುಮಾರು ೧೧ ಕಿಲೋ, ಪರದೆ ಐದೇ ಅಂಗುಲ. ಅದನ್ನು ಪೇಟೆಗೆ ತಂದ ಆಡಮ್ ಆಸ್ಬರ್ನ್ ಬಾಲ್ಯವನ್ನು ತಿರುವಣ್ಣಾಮಲೈಯಲ್ಲಿ ಕಳೆದವನು. ೨೦೦೩ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡನು. ನಮ್ಮವರು ಮಾಡಿದ ಯತ್ನ ಇನ್ನೊಂದು ಬಗೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ವಿದ್ವಾಂಸರು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡಗೂಡಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿ, ೨೦೦೧ರಲ್ಲಿ ಜನರ ಮುಂದಿಟ್ಟರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು. ಓದುಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳಬೇಕೆಂಬುದೂ ಅದರ ಗುರಿಯಾಗಿತ್ತು. ಮಾರಾಟವಾದದ್ದು ಕೆಲವೇ ಸಾವಿರ. ಮೊಬೈಲಿನ ಮಹಾಪೂರದಲ್ಲಿ ಅದು ಕೊಚ್ಚಿಹೋಯಿತು. ಆದರೂ ಅದನ್ನು ಮಾಡಿದವರು ಮೊದಲು ಕೇಳಿದ ಪ್ರಶ್ನೆ ಸರಿಯಾದದ್ದು: ಬಳಸುವವನು ಯಾರು, ಎಲ್ಲಿರುವವನು, ಯಾವ ಭಾಷೆಯವನು?

ಆ ಪ್ರಶ್ನೆಯ ಬಲದಿಂದಲೇ ನಾನು ಅಂಗಡಿಯಲ್ಲಿ ಐದನೆಯ ಪರೀಕ್ಷೆಯನ್ನು ಮಾಡಿಸಿದೆ. ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿ ಹುಡುಗಿಯ ಕೈಗೆ ಕೀಲಿಮಣೆಯನ್ನು ಕೊಟ್ಟೆ. ವಿಂಡೋಸಿನೊಳಗೆ ಕನ್ನಡವು ೨೦೦೧ರ ಎಕ್ಸ್‌ಪಿಯಿಂದಲೇ ಇದೆ, ಅದಕ್ಕೂ ಮುಂಚೆ ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು, ಕೆ. ಪಿ. ರಾವ್ ಅವರ ಕೀಲಿವಿನ್ಯಾಸ ಮನೆಮಾತಾಯಿತು. ಇಷ್ಟಾದರೂ ನಾವು ಸುತ್ತಿದ ಅಂಗಡಿಗಳಲ್ಲಿ ಕನ್ನಡ ಅಕ್ಷರ ಅಚ್ಚಾದ ಕೀಲಿಮಣೆ ಒಂದೂ ಇರಲಿಲ್ಲ. ಹುಡುಗಿ ತಡವರಿಸುತ್ತ ತನ್ನ ಹೆಸರನ್ನೂ ಊರಿನ ಹೆಸರನ್ನೂ ಬರೆದಳು. ದೀಪದ ಯಂತ್ರದ ಕೀಲಿಗಳು ಅವಳ ಬೆರಳಿಗೆ ಒಗ್ಗಲಿಲ್ಲ, ಮೂರನೆಯದರವು ಒಗ್ಗಿದವು.

ಅಲ್ಲಿಯವರೆಗೆ ಸುಮ್ಮನಿದ್ದ ತಂದೆ ಒಂದೇ ಪ್ರಶ್ನೆ ಕೇಳಿದರು: “ಕೆಟ್ಟರ ಯಾರು ರಿಪೇರಿ ಮಾಡ್ತಾರ, ಎಲ್ಲಿ?” ನನ್ನ ಅಂಕಿಗಳೆಲ್ಲ ಒಂದು ತೂಕವಾದರೆ ಆ ಪ್ರಶ್ನೆ ಒಂದು ತೂಕ. ಒಂದಕ್ಕೆ ಹುಬ್ಬಳ್ಳಿಗೆ ಹೋಗಬೇಕೆಂದರು, ಇನ್ನೊಂದಕ್ಕೆ ರಾಯಚೂರಿಗೆ. ಮೂರನೆಯದರ ಭಾಗಗಳು ಸಿಂಧನೂರಿನಲ್ಲೇ ದೊರೆಯುವಂಥವು. ಅದನ್ನೇ ಕೊಂಡರು. ಉಳಿದ ಒಂಬತ್ತು ಸಾವಿರವನ್ನು ಮುಂದೆ ಮೆಮರಿಗೂ ಹೊಸ ಬ್ಯಾಟರಿಗೂ ಬೇಕಾದೀತೆಂದು ಹುಡುಗಿಯ ತಾಯಿ ಎತ್ತಿಟ್ಟರು.

ಆ ಯಂತ್ರದಲ್ಲಿ ಮೊದಲು ನಡೆದ ಕೆಲಸ ಪಾಠದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದಿರುವುದು ನಮ್ಮ ಕಡೆಯ ಹಳೆಯ ಸಂಕಟ. ತಂದೆ ಹೇಳುತ್ತ ಹೋದರು, ಮಗಳು ಪಡಸಾಲೆಯಲ್ಲಿ ಕುಳಿತು ಕನ್ನಡದಲ್ಲಿ ಅರ್ಜಿ ಬರೆದಳು. ಓಣಿಯ ಹನ್ನೆರಡು ಮಂದಿ ಅದಕ್ಕೆ ರುಜು ಹಾಕಿದರು, ಹೆಬ್ಬೆಟ್ಟೊತ್ತಿದವರು ಇಬ್ಬರು.